ಮನೆಗೆ ಡ್ರಿಪ್ ಕಾಫಿ ಮೇಕರ್ ಬೇಕು, ಯಾವುದು ಆಗಬಹುದು?

ಕದ್ರಿಗುಡ್ಡೆ

ಮನೆಗೊಂದು ಡ್ರಿಪ್ ಕಾಫಿ ಮೇಕರ್ ತೆಗೆದುಕೊಳ್ಳಬೇಕು ಅಂತ ಎರಡು ತಿಂಗಳಿಂದ ನೋಡುತ್ತಿದ್ದೇನೆ. ನೋಡಿದಷ್ಟೂ ತಲೆ ಕೆಡುತ್ತಿದೆ. ಬಳಸುತ್ತಿರುವವರು ಇದ್ದರೆ ಹೇಳಿ.

ಮನೆಯ ಸಂಗತಿ ಹೀಗುಂಟು. ಅತ್ತೆ ಉಡುಪಿ ಕಡೆಯವರು. ಬೆಳಿಗ್ಗೆ ಐದಕ್ಕೆ ಎದ್ದ ಕೂಡಲೇ ಸ್ಟೀಲ್ ಲೋಟದಲ್ಲಿ ಹಾಲು ಕಾಫಿ ಬೇಕು. ನನ್ನ ಗಂಡ ಎಂಟು ವರ್ಷ ದುಬೈಯಲ್ಲಿದ್ದು ಬಂದವರು. ಅಲ್ಲಿ ಆಫೀಸಿನ ದೊಡ್ಡ ಗಾಜಿನ ಜಾರ್‌ನಿಂದ ಬ್ಲ್ಯಾಕ್ ಕಾಫಿ ಬಗ್ಗಿಸಿ ಕುಡಿದು ಅದೇ ಅಭ್ಯಾಸ ಆಗಿದೆ. ಈಗ ಅತ್ತೆಯ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ ಕುಡಿದು ಮುಖ ಹುಳ್ಳಗೆ ಮಾಡುತ್ತಾರೆ. ನಾನು ಇಬ್ಬರ ನಡುವೆ. ರಾತ್ರಿ ಫಿಲ್ಟರ್‌ಗೆ ಹಾಕಲು ಮರೆತೆನೋ, ಬೆಳಿಗ್ಗೆ ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮೂರ್ನಾಲ್ಕು ಸಾವಿರದೊಳಗೆ ಸಿಕ್ಕಿದರೆ ಒಳ್ಳೆಯದು. ಆರು ಕಪ್ಪಿನದ್ದು ಸಾಕಾ, ಹನ್ನೆರಡರದ್ದು ಬೇಕಾ? ವಾಟ್ ಎಷ್ಟಿರಬೇಕು? ಟೈಮರ್ ಇದ್ದರೆ ಅತ್ತೆ ಏಳುವ ಹೊತ್ತಿಗೆ ಕಾಫಿ ತಯಾರಿರುತ್ತದಲ್ಲ?

ರಥಬೀದಿ ಭಟ್ರು

ಅತ್ತೆಯವರಿಗೆ ಆ ಯಂತ್ರದ ಕಾಫಿ ಕೊಡಬೇಡಿ ಅಮ್ಮ. ಮನೆಯಲ್ಲಿ ಶಾಂತಿ ಇರಲಿ.

ರಿಪೇರಿ ಮಾಮ

ಮಂಗಳೂರಿನ ಹಂಪನಕಟ್ಟೆ ಹತ್ತಿರ ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವ ನಾನು. ಈಗ ನಾಲ್ಕೈದು ವರ್ಷದಿಂದ ಈ ಕಾಫಿ ಮೇಕರ್‌ಗಳೂ ಬರುತ್ತಿವೆ, ಹೆಚ್ಚಿನವು ಗಲ್ಫ್‌ನಿಂದ ಬಂದವರದ್ದು. ಒಳಗೆ ಏನುಂಟು ಅಂತ ಹೇಳಿಬಿಡುತ್ತೇನೆ, ಆಮೇಲೆ ಅರ್ಧ ಪ್ರಶ್ನೆ ತಾನಾಗಿ ಹೋಗುತ್ತದೆ.

ಒಳಗೆ ಪಂಪ್ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಅಡಿ ಬಿಚ್ಚಿದರೆ ಕುದುರೆ ಲಾಳದ ಹಾಗೆ ಬಾಗಿದ ಒಂದು ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಅಂಟಿಕೊಂಡ ಕಾಯಿಲ್, ಒಂದು ಪುಟ್ಟ ವಾಲ್ವ್. ಟ್ಯಾಂಕಿನ ನೀರು ಕೊಳವೆಗೆ ಇಳಿದು ಕುದಿಯುತ್ತದೆ. ಹಬೆ ವಾಪಸು ಟ್ಯಾಂಕಿಗೆ ಹೋಗಲು ವಾಲ್ವ್ ಬಿಡುವುದಿಲ್ಲ. ಹಾಗಾಗಿ ಹಬೆಯ ಗುಳ್ಳೆ ನೀರನ್ನು ತಳ್ಳಿಕೊಂಡು ಮೇಲೆ ಹೋಗಿ ಪುಡಿಯ ಮೇಲೆ ಸುರಿಯುತ್ತದೆ. ಗೊರಗೊರ ಶಬ್ದ ಬರುವುದು ಅದಕ್ಕೇ. ಜಾರ್ ಕೂರುವ ತಟ್ಟೆ ಬಿಸಿಯಾಗುವುದೂ ಅದೇ ಕಾಯಿಲ್‌ನಿಂದ. ಇಷ್ಟೇ ಯಂತ್ರ. ಮೇಲೆ ಎಷ್ಟು ದೀಪ ಮಿನುಗಿದರೂ ಅಡಿಯಲ್ಲಿ ಇಷ್ಟೇ.

ವಾಟ್ ಲೆಕ್ಕ ಸುಲಭ. ಪುಡಿ ಮತ್ತು ನೀರು ಒಟ್ಟಿಗೆ ಇರುವ ಹೊತ್ತು ನಾಲ್ಕರಿಂದ ಎಂಟು ನಿಮಿಷ ಇದ್ದರೆ ರುಚಿ ಸರಿ. 600 ಮಿಲಿ ನೀರನ್ನು 600 ವಾಟ್ ಕಾಯಿಲ್ ಐದು ನಿಮಿಷದ ಆಚೀಚೆ ಮೇಲೆ ಕಳಿಸುತ್ತದೆ. ಅದೇ 600 ವಾಟ್‌ಗೆ 1.2 ಲೀಟರ್ ಜಾರ್ ಕೊಟ್ಟು 'ಹನ್ನೆರಡು ಕಪ್' ಅಂತ ಬರೆದಿದ್ದರೆ ಹತ್ತು ನಿಮಿಷ ಬೇಕು, ಕಾಫಿ ಕಹಿ. ಎಷ್ಟು ಮಿಲಿಯೋ ಸುಮಾರು ಅಷ್ಟು ವಾಟ್ ಇದ್ದರೆ ಚಿಂತೆ ಇಲ್ಲ. ದೊಡ್ಡದಕ್ಕೆ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ಮತ್ತೆ ಆ 'ಕಪ್' ಅನ್ನುವುದನ್ನು ನಂಬಬೇಡಿ. ಅವರ ಕಪ್ 125, ಹೆಚ್ಚೆಂದರೆ 150 ಮಿಲಿ. ನಿಮ್ಮ ಯಜಮಾನರ ಮಗ್ ಅದರ ಎರಡು ಪಟ್ಟು ಇರಬಹುದು.

ಟೈಮರ್ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ರಾತ್ರಿ ಮೂರು ಸಲ ಕಣ್ಣು ಮಿಟುಕಿಸುತ್ತದೆ. ಕಡಿಮೆ ಬೆಲೆಯ ಟೈಮರ್‌ಗಳ ಗಡಿಯಾರ ಪ್ರತಿ ಸಲವೂ ಹನ್ನೆರಡಕ್ಕೆ ಹೋಗಿ ಕೂರುತ್ತದೆ. ಅತ್ತೆ ಐದಕ್ಕೆ ಏಳುತ್ತಾರೆ, ಯಂತ್ರ ಏಳುವುದಿಲ್ಲ. ಒಂದೇ ಒತ್ತುಗುಂಡಿ ಇದ್ದದ್ದು ತೆಗೆದುಕೊಳ್ಳಿ.

ಮಣಿಪಾಲ ಹಾಸ್ಟೆಲ್

ಮಾಮ, ಕಂಪನಿ ಹೆಸರು ಹೇಳಿ ಪ್ಲೀಸ್.

ರಿಪೇರಿ ಮಾಮ

ಹೇಳುವುದಿಲ್ಲ ಮಾರಾಯ. ಪ್ರೀತಿ, ಮಾರ್ಫಿ ರಿಚರ್ಡ್ಸ್, ಫಿಲಿಪ್ಸ್ ಎಲ್ಲರೂ ಮಾಡಿದ್ದಾರೆ. ಕೇಳಬೇಕಾದ್ದು ಒಂದೇ: ಗಾಜಿನ ಜಾರ್ ಒಡೆದರೆ ಬೇರೆ ಸಿಗುತ್ತದಾ? ನನ್ನಲ್ಲಿಗೆ ಬರುವವರಲ್ಲಿ ಅರ್ಧ ಜನರ ಯಂತ್ರ ಗಟ್ಟಿಯಾಗಿಯೇ ಇರುತ್ತದೆ, ಜಾರ್ ಇರುವುದಿಲ್ಲ. ತೊಳೆಯುವಾಗ ನಲ್ಲಿಗೆ ತಾಗಿ ಹೋಗಿರುತ್ತದೆ.

ರಥಬೀದಿ ಭಟ್ರು

ಯಂತ್ರದ ವಿಷಯ ಮಾಮ ಹೇಳಿದರು. ಕಾಫಿಯ ವಿಷಯ ನಾನು ಹೇಳುತ್ತೇನೆ. ಹೋಟೆಲಿನಲ್ಲಿ ಮೂವತ್ತು ವರ್ಷ ಡಿಕಾಕ್ಷನ್ ಇಳಿಸಿದ್ದೇನೆ.

ಸ್ಟೀಲ್ ಫಿಲ್ಟರ್‌ಗೆ 30 ಗ್ರಾಂ ಪುಡಿ ಹಾಕಿ 150 ಮಿಲಿ ಕುದಿನೀರು ಹೊಯ್ದರೆ ಕೆಳಗೆ ಇಳಿಯುವುದು 90 ಮಿಲಿ. ಉಳಿದದ್ದನ್ನು ಪುಡಿ ಕುಡಿಯುತ್ತದೆ, ಅದರ ತೂಕದ ಎರಡು ಪಟ್ಟು. ಆ 90 ಮಿಲಿಯಲ್ಲಿ ಮೂರು ಲೋಟ ಹಾಲು ಕಾಫಿ ಆಗುತ್ತದೆ. ಯಂತ್ರದ ಲೆಕ್ಕ ಬೇರೆ. ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ. ಅದು ಹಾಗೆಯೇ ಕುಡಿಯಲು ಮಾಡಿದ ಹದ, ಹಾಲಿಗೆ ಅಲ್ಲ. ಅದಕ್ಕೆ ಅರ್ಧ ಲೋಟ ಹಾಲು ಹಾಕಿದರೆ ಕಾಫಿ ಪಾತ್ರೆ ತೊಳೆದ ನೀರಿನ ಹಾಗಾಗುತ್ತದೆ. ಯಂತ್ರ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದೋಸೆ ಕಾವಲಿಯಲ್ಲಿ ಇಡ್ಲಿ ಬೇಯಿಸಲು ಹೊರಟರೆ ಕಾವಲಿಯ ತಪ್ಪಾ?

ಮಣಿಪಾಲ ಹಾಸ್ಟೆಲ್

ಭಟ್ರೆ, ನಾನು ಅದನ್ನೇ ಮಾಡಿದ್ದೆ. ನೀರು ಕಡಿಮೆ, ಪುಡಿ ಜಾಸ್ತಿ ಹಾಕಿದರೆ ಡಿಕಾಕ್ಷನ್ ಬರಬೇಕಲ್ಲ ಅಂತ. ಊರಿನಿಂದ ಅಮ್ಮ ಕಳಿಸಿದ ಫಿಲ್ಟರ್ ಪುಡಿ 60 ಗ್ರಾಂ, ನೀರು 300 ಮಿಲಿ. ಎರಡು ನಿಮಿಷಕ್ಕೆ ಪುಡಿ ಹಾಕುವ ಬುಟ್ಟಿ ತುಂಬಿ ಉಕ್ಕಿ, ಮೇಜು, ಲ್ಯಾಪ್‌ಟಾಪ್ ಚಾರ್ಜರ್, ರೂಮ್‌ಮೇಟ್‌ನ ರೆಕಾರ್ಡ್ ಪುಸ್ತಕ ಎಲ್ಲ ಕಾಫಿ. ಜಾರ್‌ಗೆ ಮಾತ್ರ ಬಿದ್ದಿರಲಿಲ್ಲ.

ಪಣಂಬೂರು ಗಾಳಿ

ಅದು ಚಿಕೋರಿಯ ಕೆಲಸ. ನಾನು ಕಾಫಿ ಗೋದಾಮಿನಲ್ಲಿ ಕೆಲಸ ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಮ್ಮ ಫಿಲ್ಟರ್ ಪುಡಿಯಲ್ಲಿ ನೂರಕ್ಕೆ 20, 30, ಕೆಲವದರಲ್ಲಿ 47ರವರೆಗೂ ಚಿಕೋರಿ ಇರುತ್ತದೆ. ಕಾಯ್ದೆ ಪ್ರಕಾರ ಕಾಫಿ 51ಕ್ಕಿಂತ ಕಡಿಮೆ ಇರಬಾರದು, ಎಷ್ಟೆಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಲೇಬೇಕು. ತಿರುಗಿಸಿ ಓದಿ. ಚಿಕೋರಿ ಅಂದರೆ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ನೀರು ತಾಗಿದ ಕೂಡಲೇ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಸ್ಟೀಲ್ ಫಿಲ್ಟರ್‌ನಲ್ಲಿ ಅದೇ ಬೇಕು: ನೀರು ತಡೆದು ತಡೆದು ಇಳಿಯುತ್ತದೆ, ಡಿಕಾಕ್ಷನ್ ದಪ್ಪ, ಕಪ್ಪು. ಡ್ರಿಪ್ ಯಂತ್ರ ಹಾಗೆ ಕಾಯುವುದಿಲ್ಲ. ಮೇಲಿಂದ ನೀರು ಸುರಿಸುತ್ತಲೇ ಇರುತ್ತದೆ, ಕೆಳಗೆ ದಾರಿ ಕಟ್ಟಿರುತ್ತದೆ. ಉಕ್ಕದೆ ಇನ್ನೇನು?

ಹಾಗಾಗಿ ಡ್ರಿಪ್‌ಗೆ ಚಿಕೋರಿ ಇಲ್ಲದ ಪುಡಿ. ಬೀಸುವುದೂ ಬೇರೆ ಹದ. ಫಿಲ್ಟರ್ ಪುಡಿ ಚಿರೋಟಿ ರವೆಗಿಂತ ನುಣ್ಣಗಿರುತ್ತದೆ. ಡ್ರಿಪ್‌ಗೆ ಉಪ್ಪಿಟ್ಟಿನ ರವೆಯ ಹಾಗೆ ತರಿತರಿ ಬೇಕು. ಕಾಫಿಪುಡಿ ಅಂಗಡಿಯಲ್ಲಿ ಎದುರೇ ಬೀಸಿ ಕೊಡುವ ಕಡೆ ಹೀಗೆ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. 'ಮೀಡಿಯಂ' ಅಂದರೆ ಒಬ್ಬೊಬ್ಬರದ್ದು ಒಂದೊಂದು ಮೀಡಿಯಂ.

ಯಾವ ಬೀಜ ಅಂತ ಕೇಳಿದರೆ, ಬ್ಲ್ಯಾಕ್ ಕುಡಿಯುವವರಿಗೆ ನಮ್ಮೂರಿನದೇ ಒಂದುಂಟು: ಮಾನ್ಸೂನ್ಡ್ ಮಲಬಾರ್. ಘಟ್ಟದ ಮೇಲಿನ ಬೀಜವನ್ನು ಇಲ್ಲಿ ಕಡಲ ಬದಿಯ ಗೋದಾಮಿನಲ್ಲಿ ಹರಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿಗೆ ಬಿಡುತ್ತಾರೆ. ಬೀಜ ತೇವ ಕುಡಿದು ಉಬ್ಬುತ್ತದೆ, ಹಸಿರು ಬಣ್ಣ ಹೋಗಿ ತಿಳಿ ಹಳದಿಯಾಗುತ್ತದೆ, ಹುಳಿ ಇಳಿಯುತ್ತದೆ. ಹಿಂದೆ ಹಾಯಿಹಡಗಿನಲ್ಲಿ ಯುರೋಪಿಗೆ ತಿಂಗಳುಗಟ್ಟಲೆ ಹೋಗುವಾಗ ಬೀಜ ದಾರಿಯಲ್ಲೇ ಹೀಗಾಗುತ್ತಿತ್ತಂತೆ. ಅವರಿಗೆ ಅದೇ ರುಚಿ ಹಿಡಿಯಿತು. ಉಗಿಹಡಗು ಬಂದು ಪ್ರಯಾಣ ಚಿಕ್ಕದಾದ ಮೇಲೆ ಬೇಕೆಂದೇ ಮಾಡಲು ಶುರು ಮಾಡಿದರು. ಹುಳಿ ಇಷ್ಟವಿದ್ದರೆ ಚಿಕ್ಕಮಗಳೂರಿನ ಅರೇಬಿಕಾ ತೆಗೆದುಕೊಳ್ಳಿ. ಕರಿ ಕಾಫಿಗೆ ಬರೀ ರೋಬಸ್ಟಾ ಬೇಡ ಅಂತ ನನ್ನ ಅಭಿಪ್ರಾಯ. ಅದು ಹಾಲಿನ ಜತೆ ಚಂದ.

ಬೀಜಕ್ಕೆ ಒಳ್ಳೆಯದಾದ ಮಳೆಗಾಳಿ ಪುಡಿಗೆ ವೈರಿ. ಆಷಾಢದಲ್ಲಿ ಪೊಟ್ಟಣ ತೆರೆದಿಟ್ಟರೆ ಮೂರೇ ದಿನಕ್ಕೆ ಗಟ್ಟಿ. ನೂರು ನೂರು ಗ್ರಾಂ ತನ್ನಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕುಂದಾಪ್ರ ಹೊಳೆಬದಿ

ಹ್ವಾಯ್, ಇಷ್ಟೆಲ್ಲ ಎಂತಕ್ಕೆ? ನಮ್ಮ ಅಜ್ಜಿ ಬೆಲ್ಲದ ನೀರು ಕುದಿಸಿ ಕಾಫಿಪುಡಿ ಹಾಕಿ ಇಳಿಸಿ, ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದರು. ಬಟ್ಟೆ ಹರಿದರೆ ಬೇರೆ ಬಟ್ಟೆ. ಸ್ಪೇರ್ ಸಿಗುತ್ತದಾ ಅಂತ ಯಾರನ್ನೂ ಕೇಳಲಿಲ್ಲ.

ಮಣಿಪಾಲ ಹಾಸ್ಟೆಲ್

ಡ್ರಿಪ್ ಅಂದರೂ ಅದೇ ಅಲ್ವಾ? ಜರ್ಮನಿಯಲ್ಲಿ ಮೆಲಿಟ್ಟಾ ಬೆಂಟ್ಸ್ ಅಂತ ಒಬ್ಬ ಗೃಹಿಣಿ 1908ರಲ್ಲಿ ಮಗನ ಪುಸ್ತಕದ ಶಾಯಿ ಹೀರುವ ಒತ್ತುಕಾಗದ ಹರಿದು, ತೂತು ಮಾಡಿದ ಹಿತ್ತಾಳೆ ಪಾತ್ರೆಯಲ್ಲಿಟ್ಟು ಕಾಫಿ ಸೋಸಿದ್ದು. ಕರೆಂಟಿನ ಡ್ರಿಪ್ ಯಂತ್ರ ಬಂದದ್ದು 1954ರಲ್ಲಿ, ವಿಗೋಮ್ಯಾಟ್ ಅಂತ, ಅದೂ ಜರ್ಮನಿಯಲ್ಲೇ.

ಕುಂದಾಪ್ರ ಹೊಳೆಬದಿ

ಹಾಗಾದರೆ ನಮ್ಮ ಅಜ್ಜಿಗೂ ಒಂದು ಕಂಪನಿ ಮಾಡಬಹುದಿತ್ತು.

ಕದ್ರಿಗುಡ್ಡೆ

ಎಷ್ಟು ವಿಷಯ ಮಾರಾಯ್ರೆ! ಎರಡು ಸಂಶಯ. ಕಾಗದದ ಫಿಲ್ಟರ್ ಬೇಕಾ, ಯಂತ್ರದ ಜತೆ ಬರುವ ನೈಲಾನ್ ಜಾಲರಿ ಸಾಕಾ? ಮತ್ತೆ ನೀರು. ನಮಗೆ ತುಂಬೆಯಿಂದ ಬರುವ ನೇತ್ರಾವತಿ ನೀರು, ಏಪ್ರಿಲ್-ಮೇಯಲ್ಲಿ ಅದು ಸಾಲದೆ ಬಾವಿ ನೀರು.

ಪಣಂಬೂರು ಗಾಳಿ

ಜಾಲರಿಯಲ್ಲಿ ಕಾಫಿಯ ಎಣ್ಣೆ ಅಂಶ ದಾಟಿ ಬರುತ್ತದೆ. ಬಾಯಿಗೆ ಸ್ವಲ್ಪ ದಪ್ಪ ಸಿಗುತ್ತದೆ, ತಳದಲ್ಲಿ ಗಷ್ಟು ಇರುತ್ತದೆ. ಕಾಗದ ಆ ಎಣ್ಣೆಯನ್ನು ಹಿಡಿದಿಡುತ್ತದೆ, ಕಾಫಿ ತಿಳಿ. ಮನೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿದ್ದರೆ ಕಾಗದವೇ ಒಳ್ಳೆಯದು, ಅದನ್ನು ಏರಿಸುವ ಅಂಶ ಇರುವುದು ಆ ಎಣ್ಣೆಯಲ್ಲೇ. ಆದರೆ ಬುಟ್ಟಿಯ ಆಕಾರ ನೋಡಿ ಕಾಗದ ತನ್ನಿ. ಕೋನ್ ಆಕಾರದ್ದೇ ಬೇರೆ, ಚಪ್ಪಟೆ ತಳದ್ದೇ ಬೇರೆ. ಹಾಕಿದ ಮೇಲೆ ಒಮ್ಮೆ ಬಿಸಿನೀರು ಹೊಯ್ದು ಚೆಲ್ಲಿ, ಇಲ್ಲದಿದ್ದರೆ ರಟ್ಟಿನ ವಾಸನೆ.

ರಿಪೇರಿ ಮಾಮ

ನೀರು: ನಮ್ಮ ಕೆಂಪುಕಲ್ಲಿನ ಬಾವಿ ನೀರು ಮೆದು. ಬಯಲುಸೀಮೆಯ ಬೋರ್ ನೀರಿನ ಹಾಗೆ ಕೊಳವೆಯಲ್ಲಿ ಬಿಳಿ ಪದರ ಕಟ್ಟುವುದಿಲ್ಲ. ಅಲ್ಲಿ ತಿಂಗಳಿಗೊಮ್ಮೆ ಕೊಳವೆ ತೊಳೆಯುವುದನ್ನು ನೀವು ನಾಲ್ಕು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಟ್ಯಾಂಕ್ ತುಂಬ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಓಡಿಸಿ, ಆಮೇಲೆ ಎರಡು ಸಲ ಬರೀ ನೀರು. ಸಮುದ್ರದ ಹತ್ತಿರ ಬೇಸಿಗೆಯಲ್ಲಿ ಬಾವಿ ಉಪ್ಪಾಗುತ್ತದಲ್ಲ, ಆ ನೀರು ಮಾತ್ರ ಬೇಡ. ಕಾಫಿಯೂ ಹಾಳು, ಅಲ್ಯೂಮಿನಿಯಂ ಕೊಳವೆಯೂ ಹಾಳು. ಕಬ್ಬಿಣದ ವಾಸನೆಯ ನೀರೂ ಬೇಡ.

ಇನ್ನೊಂದು, ಇನ್ವರ್ಟರ್. ಮನೆಯ ಸಾಧಾರಣ ಇನ್ವರ್ಟರ್‌ನಲ್ಲಿ ಇದನ್ನು ಹಾಕಬೇಡಿ. ಫ್ಯಾನ್, ಲೈಟ್ ಜತೆ 600 ವಾಟ್ ಸೇರಿದರೆ ಅದು ಕಿರುಚಿ ನಿಲ್ಲುತ್ತದೆ. ಕರೆಂಟ್ ಇಲ್ಲದ ದಿನ ಅತ್ತೆಯ ಫಿಲ್ಟರ್, ಗ್ಯಾಸ್ ಒಲೆ. ಇದನ್ನು ಬರೆಯುವಾಗಲೇ ಇಲ್ಲಿ ಕರೆಂಟ್ ಹೋಯಿತು ನೋಡಿ.

ಮಣಿಪಾಲ ಹಾಸ್ಟೆಲ್

ನಾನು ಕಲಿತ ಒಂದು ಉಪಾಯ. ಪುಡಿಗೆ ಬೀಳುವ ನೀರು 92ರಿಂದ 96 ಡಿಗ್ರಿ ಇರಬೇಕು ಅನ್ನುತ್ತಾರೆ. ಹಾಲೆಂಡಿನ ಮೊಕ್ಕಾಮಾಸ್ಟರ್‌ನಂಥ ದುಬಾರಿ ಯಂತ್ರಗಳು ಅದಕ್ಕೇ ಹೆಸರಾದದ್ದು. ನನ್ನದು ಅಗ್ಗದ್ದು, ಥರ್ಮಾಮೀಟರ್ ಹಿಡಿದು ನೋಡಿದೆ. ಶುರುವಿನಲ್ಲಿ 78, ಕೊನೆಗೆ 91. ಅಂದರೆ ಒಂದೇ ಕಪ್ ಮಾಡಿದರೆ ಯಂತ್ರ ಬಿಸಿಯಾಗುವುದರೊಳಗೆ ನೀರೇ ಮುಗಿದಿರುತ್ತದೆ. ಕಾಫಿ ಹುಳಿ ಹುಳಿ, ನೀರು ನೀರು. ಈಗ ಮೊದಲು ಪುಡಿ ಇಲ್ಲದೆ ಸ್ವಲ್ಪ ನೀರು ಓಡಿಸಿ ಬಿಸಿ ಮಾಡಿಕೊಂಡು, ಆ ನೀರಿನಲ್ಲೇ ಮಗ್ ತೊಳೆದು, ಆಮೇಲೆ ಪುಡಿ ಹಾಕುತ್ತೇನೆ. ತುಂಬಾ ವ್ಯತ್ಯಾಸ ಉಂಟು.

ಹನ್ನೆರಡು ಕಪ್ಪಿನದ್ದು ತೆಗೆದುಕೊಂಡು ದಿನಾ ಎರಡು ಕಪ್ ಮಾಡಬೇಡಿ ಅಕ್ಕ. ದೊಡ್ಡ ಬುಟ್ಟಿಯ ತಳದಲ್ಲಿ ಪುಡಿ ತೆಳ್ಳಗೆ ಹರಡಿ ನೀರು ಸುಮ್ನೆ ಹಾದು ಹೋಗುತ್ತದೆ.

ರಥಬೀದಿ ಭಟ್ರು

ಆದ ಕಾಫಿಯನ್ನು ಆ ಬಿಸಿ ತಟ್ಟೆಯ ಮೇಲೆ ಬಿಡಬೇಡಿ. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ. ಕೂಡಲೇ ಫ್ಲಾಸ್ಕಿಗೆ ಹೊಯ್ಯಿರಿ. ಎಲ್ಲರ ಮನೆಯಲ್ಲೂ ಆಸ್ಪತ್ರೆಗೆಂದು ತಂದ ಒಂದು ಫ್ಲಾಸ್ಕ್ ಇರುತ್ತದೆ.

ಬಿಜೈ ಬಾಲ್ಕನಿ

ಒಂದು ಮಾತು ಯಾರೂ ಹೇಳಲಿಲ್ಲ. ಒಬ್ಬರಿಗೇ ಬ್ಲ್ಯಾಕ್ ಕಾಫಿ ಆದರೆ ಯಂತ್ರವೇ ಯಾಕೆ? ಮಗ್ ಮೇಲೆ ಇಡುವ ಒಂದು ಪ್ಲಾಸ್ಟಿಕ್ ಕೋನ್, ಕಾಗದ, ಕೆಟಲ್ ಸಾಕು. ಕುದಿದ ನೀರು ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಹೊಯ್ದು, ಅದು ಉಬ್ಬಿ ಗುಳ್ಳೆ ಬಿಟ್ಟ ಮೇಲೆ ಉಳಿದದ್ದು. ಖರ್ಚು ಕಾಲು ಭಾಗ, ರುಚಿ ಅಗ್ಗದ ಯಂತ್ರಕ್ಕಿಂತ ಮೇಲು.

ಕದ್ರಿಗುಡ್ಡೆ

ನಿಮ್ಮ ಮಾತು ಸರಿಯೇ. ಆದರೆ ಏಳೂವರೆಗೆ ಅದನ್ನು ನಿಂತು ಹೊಯ್ಯುವವರು ಯಾರು? ನಾನೇ! ಆ ಹೊತ್ತಿಗೆ ಒಂದು ಕೈಯಲ್ಲಿ ನೀರ್ ದೋಸೆ ಸೌಟು, ಇನ್ನೊಂದರಲ್ಲಿ ಮಗಳ ಜಡೆ. ಗುಂಡಿ ಒತ್ತಿದರೆ ತಾನಾಗಿ ಆಗುವುದು ಬೇಕು, ಅದನ್ನು ಅವರೇ ಒತ್ತಬೇಕು.

ಬಿಜೈ ಬಾಲ್ಕನಿ

ಒಪ್ಪಿದೆ.

ಕದ್ರಿಗುಡ್ಡೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕೇಳಿ ಸುಮ್ಮನಾದಳು ಅಂತ ಅಂದುಕೊಳ್ಳಬೇಡಿ.

ತೆಗೆದುಕೊಂಡದ್ದು 600 ಮಿಲಿ, 600 ವಾಟ್, ಒಂದೇ ಗುಂಡಿ, ಕೋನ್ ಆಕಾರದ ಬುಟ್ಟಿ. ಅಂಗಡಿಯಲ್ಲಿ ಜಾರ್ ಬೇರೆ ಸಿಗುತ್ತದಾ ಅಂತ ಕೇಳಿದೆ. ಮೊದಲ ಎರಡು ಅಂಗಡಿಯವರು ನನ್ನ ಮುಖ ನೋಡಿದರು. ಮೂರನೆಯವರು ಫೋನ್ ಮಾಡಿ ವಿಚಾರಿಸಿ, ತರಿಸಿಕೊಡುತ್ತೇವೆ ಅಂದರು. ಅಲ್ಲೇ ತೆಗೆದುಕೊಂಡೆ. ಎರಡೂವರೆ ಸಾವಿರದ ಒಳಗೇ ಆಯಿತು.

ಯಜಮಾನರಿಗೆ 350 ಮಿಲಿ ನೀರು, 20 ಗ್ರಾಂ ಪುಡಿ. ಮೊದಲ ದಿನ ಮನೆಯ ಹಳೇ ಪುಡಿಯನ್ನೇ ಹಾಕಿ ಒಂದು ಸಲ ಉಕ್ಕಿಸಿದರು, ಇಷ್ಟೆಲ್ಲ ಓದಿ ಹೇಳಿದರೂ! ಈಗ ಚಿಕೋರಿ ಇಲ್ಲದ್ದು, ಉಪ್ಪಿಟ್ಟಿನ ರವೆ ಹದ. ಅಂಗಡಿಯವರು ನಕ್ಕರು, ಆದರೆ ಸರಿಯಾಗಿ ಬೀಸಿ ಕೊಟ್ಟರು. ಗುಂಡಿ ಅವರೇ ಒತ್ತುತ್ತಾರೆ. ಬುಟ್ಟಿ ತೊಳೆಯುವುದು ಮಾತ್ರ ಇನ್ನೂ ನನ್ನ ಪಾಲಿಗೇ ಉಂಟು. ಅತ್ತೆಯ ಬೆಳಗ್ಗಿನ ಕಾಫಿಗೆ ಸ್ಟೀಲ್ ಫಿಲ್ಟರೇ. ಭಟ್ರು ಹೇಳಿದ ಮೇಲೆ ಅದರ ತಂಟೆಗೆ ಹೋಗಲಿಲ್ಲ.

ಆದರೆ ಒಂದು ತಮಾಷೆ ನಡೆಯಿತು. ಕಳೆದ ಆದಿತ್ಯವಾರ ಸಂಜೆ ಹಾಲು ಒಡೆದಿತ್ತು. ಗೋಳಿಬಜೆ ಕರಿದಾಗಿತ್ತು, ಕಾಫಿ ಇಲ್ಲ. ಯಂತ್ರದ ಕಾಫಿ ಜಾರ್‌ನಲ್ಲಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ತುಂಡು ಬೆಲ್ಲ ಹಾಕಿ ಕಲಕಿ ಕುಡಿದರು. "ಇದು ನನ್ನ ಅಮ್ಮ ಮಾಡುತ್ತಿದ್ದ ಬೆಲ್ಲದ ಕಾಫಿ ಅಲ್ವಾ? ಬಟ್ಟೆಯಲ್ಲಿ ಸೋಸಿದ್ದು ಹೀಗೇ ಇರುತ್ತಿತ್ತು" ಅಂದರು. ಅವರ ಸಣ್ಣ ಪ್ರಾಯದಲ್ಲಿ ಮನೆಯಲ್ಲಿ ಫಿಲ್ಟರೇ ಇರಲಿಲ್ಲವಂತೆ. ಹಾಲು ಕಾಫಿ ನೆಂಟರಿಗೆ ಮಾತ್ರ. ಆವತ್ತಿನಿಂದ ನಾಲ್ಕು ಗಂಟೆಗೆ ಯಂತ್ರದ ಮುಂದೆ ಅತ್ತೆ. ಹೊಳೆಬದಿಯವರೇ, ನಿಮ್ಮ ಅಜ್ಜಿಯ ಕಂಪನಿಗೆ ಒಬ್ಬರು ಗಿರಾಕಿ ಸಿಕ್ಕಿದರು.

ಕುಂದಾಪ್ರ ಹೊಳೆಬದಿ

ಅಜ್ಜಿಗೆ ಹೇಳುತ್ತೇನೆ. ಕಮಿಷನ್ ಕೇಳಬಹುದು.

ರಿಪೇರಿ ಮಾಮ

ಒಳ್ಳೆಯದಾಯಿತು ಅಕ್ಕ. ಮಳೆ ಶುರುವಾಗಿದೆ, ಒಂದು ವಿಷಯ ನೆನಪಿಡಿ. ಕಾಫಿ ಆದ ಮೇಲೆ ಗಷ್ಟು ಆಗಲೇ ಚೆಲ್ಲಿ, ಟ್ಯಾಂಕಿನ ಮುಚ್ಚಳ ತೆರೆದು ಒಣಗಲು ಬಿಡಿ, ಇಲ್ಲದಿದ್ದರೆ ಎರಡು ದಿನದಲ್ಲಿ ಬೂಸ್ಟು. ಪೂರ್ತಿ ಒಣಗಿದ ಮೇಲೆ ಮುಚ್ಚಿ, ರಾತ್ರಿ ತೆರೆದಿಡಬೇಡಿ. ಬೆಚ್ಚಗಿನ ಜಾಗ ಜಿರಳೆಗೆ ತುಂಬಾ ಇಷ್ಟ. ಒಂದು ಯಂತ್ರ ಬಿಚ್ಚಿದಾಗ ಅಪ್ಪ, ಅಮ್ಮ, ಮಕ್ಕಳು ಎಲ್ಲ ಒಳಗಿದ್ದರು.

ರಥಬೀದಿ ಭಟ್ರು

ಬೆಲ್ಲ ಎಷ್ಟು ಹಾಕಿದರು ಅಂತ ಅತ್ತೆಯವರನ್ನು ಕೇಳಿ ಹೇಳಿ. ಸುಮ್ನೆ ತಿಳಿದುಕೊಳ್ಳಲು.

ಕದ್ರಿಗುಡ್ಡೆ

ಕೇಳಿದೆ ಭಟ್ರೆ. ಅಳತೆ ಇಲ್ಲವಂತೆ, ಕೈ ಅಂದಾಜು. ಬೆಲ್ಲದ ಕಾಫಿಗೆ ಆಮೇಲೆ ಹಾಲು ಹಾಕಬೇಡಿ, ಒಡೆದೀತು ಅಂತ ಹೇಳಲು ಹೇಳಿದರು.

ರಿಪೇರಿ ಮಾಮ

ಬೆಲ್ಲವನ್ನು ಲೋಟಕ್ಕೇ ಹಾಕಿ, ದಯವಿಟ್ಟು ಯಾರೂ ಟ್ಯಾಂಕಿಗೆ ಹಾಕಬೇಡಿ. ಹಾಗೆ ಹಾಕಿದ್ದೊಂದು ಈಗ ನನ್ನ ಮೇಜಿನ ಮೇಲೆ ಉಂಟು.